ಮಾಸ್ತರರು ಪೇಟಿ ಬಿಟ್ಟು ಎದ್ದ ದಿನ

ಪುಣೆಯ ಘೋರ್ಪಡಿಯ ರೈಲ್ವೆ ಗೇಟಿನ ಹಿಂದಿನ ಓಣಿಯಲ್ಲಿ ದೇವದಾನ ಮಾಸ್ತರರ ಮನೆ. ಅಲ್ಲಿಗೆ ಹೊಸದಾಗಿ ಹೋದವರು ಮೊದಲು ನೋಡುವುದು ಗೋಡೆಯ ಮೇಲಿನ ಮದುವೆಯ ಫೋಟೋವನ್ನು. ನೋಡಿದವರೆಲ್ಲ ಕೇಳುವುದೂ ಒಂದೇ ಪ್ರಶ್ನೆ: "ವರ ಎಲ್ಲಿ?"

ಫೋಟೋದಲ್ಲಿ ಬಿಳಿ ಸೀರೆಯುಟ್ಟ ವಧು, ನಮಗೆಲ್ಲ ಅತ್ತಿಗೆಯಂತಿರುವ ಅನುಸೂಯಾ ವೈನಿ, ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಾರೆ. ಪಕ್ಕದ ಕುರ್ಚಿ ಖಾಲಿ. ಎಡಗಡೆಯ ಮೂಲೆಯಲ್ಲಿ, ಇನ್ನೇನು ಚೌಕಟ್ಟಿನಿಂದ ಹೊರಗೆ ಹೋಗಬೇಕು ಎನ್ನುವ ಜಾಗದಲ್ಲಿ, ಹಾರ್ಮೋನಿಯಂ ಮೇಲೆ ಬಗ್ಗಿದ ಒಂದು ತಲೆ ಕಾಣುತ್ತದೆ. ಕೊರಳಿನ ಹೂಮಾಲೆ ಜೋತು ಬಿದ್ದು ಪೇಟಿಯ ಮೇಲೆ ಹರಡಿಕೊಂಡಿದೆ. ಆ ತಲೆಯೇ ವರ.

ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಹುಮನಾಬಾದ ಹತ್ತಿರದ ಒಂದು ಊರಿನ ಸಣ್ಣ ಚರ್ಚಿನಲ್ಲಿ ಮದುವೆ ನಡೆದ ದಿನ ಪೇಟಿಗೆ ಕೂತವರು ಮಾಸ್ತರರ ಸೋದರಮಾವ. ಅವರಿಗೆ ವಯಸ್ಸಾಗಿತ್ತು, ಕಿವಿ ಮಂದವಾಗಿತ್ತು. ಮದುವೆಯ ಕೀರ್ತನೆಯನ್ನು ಅವರು ಎಷ್ಟು ತಗ್ಗಿನಲ್ಲಿ ಹಿಡಿದರೆಂದರೆ ಹೆಂಗಸರ ದನಿ ಗಂಟಲಲ್ಲೇ ಉಳಿಯಿತಂತೆ. ಎಷ್ಟು ಎಳೆದರೆಂದರೆ ಮಕ್ಕಳು ಹಾಡುವುದನ್ನು ಬಿಟ್ಟು ಆಕಳಿಸಿದರಂತೆ. ವರ ಮಹಾಶಯರು ಒಂದು ಚರಣ ಹಲ್ಲು ಕಚ್ಚಿ ತಡೆದರು. ಎರಡನೆಯ ಚರಣಕ್ಕೆ ಎದ್ದರು, ನೇರ ಹೋಗಿ ಮಾವನನ್ನು ಪಕ್ಕಕ್ಕೆ ಸರಿಸಿದರು, ಕೂತು ನುಡಿಸತೊಡಗಿದರು. ಹುಮನಾಬಾದಿನಿಂದ ಬಂದ ಫೋಟೋದವನಿಗೆ ಹಾಡು ಶುರುವಾದ ಮೇಲೆ ಒಂದು ಫೋಟೋ ಹೊಡೆ ಎಂದು ಮೊದಲೇ ಹೇಳಿಟ್ಟಿದ್ದರು. ಅವನು ಹೇಳಿದಂತೆ ಹೊಡೆದ.

ಈ ಕಥೆಯನ್ನು ಬಂದವರಿಗೆಲ್ಲ ಹೇಳುವುದು ಅನುಸೂಯಾ ವೈನಿ. ಹೇಳಿ, ಕೊನೆಗೆ ಚಹಾದ ಕಪ್ಪು ಕೈಗಿಡುತ್ತ ಇಷ್ಟು ಸೇರಿಸುತ್ತಾರೆ: "ಇವರ ಲಗ್ನ ಪೇಟಿ ಕೂಡ ಆಗ್ಯಾದ್ರಿ. ನಾ ಬಾಜೂಕ ಸಾಕ್ಷಿಗಿ ಕುಂತೀನಿ, ನೋಡ್ರಿ."

ಮಾಸ್ತರರು ಇದನ್ನು ಕೇಳಿಯೂ ಕೇಳದವರಂತೆ ಪೇಪರು ಓದುತ್ತಾರೆ. ಅವರ ಕಿವಿ ಎಷ್ಟು ಚುರುಕೆಂದು ನನಗೆ ಗೊತ್ತು. ಪಕ್ಕದ ಓಣಿಯಲ್ಲಿ ಯಾರಾದರೂ ಬೇಸುರಾಗಿ ಸಿಳ್ಳೆ ಹಾಕಿದರೆ ಹುಬ್ಬು ಗಂಟಿಕ್ಕುವ ಮನುಷ್ಯ ಅವರು.

ನಾನು ಮಾಂತು. ವಿಜಯಪುರದ ಕಡೆಯವನು, ಲಿಂಗಾಯತರ ಮನೆಯವನು, ಘೋರ್ಪಡಿಯಲ್ಲಿ ನಲ್ಲಿ, ಪೈಪು, ಬಣ್ಣ ಮಾರುವ ಅಂಗಡಿಯವನು. ಭಾನುವಾರ ಚರ್ಚಿನಲ್ಲಿ ತಬಲಾ ಬಾರಿಸುತ್ತೇನೆ. ಇವೆರಡೂ ಹೇಗೆ ಕೂಡಿದವು ಎಂದು ಕೇಳುವವರು ಮಾಸ್ತರರನ್ನು ಕಂಡಿಲ್ಲ ಎಂದೇ ಅರ್ಥ. ಅಂಗಡಿಗೆ ನಾನು ಹೊಸಬನಾಗಿದ್ದಾಗ ಒಂದು ಸಂಜೆ ಅವರು ಪೇಟಿಯ ಗಾಳಿ ಸೋರುತ್ತಿದೆ, ಅಂಟಿಸಲು ಏನಾದರೂ ಕೊಡು ಎಂದು ಬಂದರು. ನಾನು ಗಿರಾಕಿಯಿಲ್ಲದ ಬೇಸರಕ್ಕೆ ಬಣ್ಣದ ಖಾಲಿ ಡಬ್ಬಿಯ ಮೇಲೆ ಬಾರಿಸುತ್ತ ಕೂತಿದ್ದೆ. ಊರ ಮಠದಲ್ಲಿ ಕಲಿತ ಕೈ, ಸುಮ್ಮನಿರುತ್ತಿರಲಿಲ್ಲ. ಅವರು ಅಂಟನ್ನು ಮರೆತು ಡಬ್ಬಿಯನ್ನೇ ನೋಡುತ್ತ ನಿಂತರು.

"ತಮ್ಮಾ, ರವಿವಾರ ಖಾಲಿ ಇರ್ತೀಯೇನು?"

"ಅಂಗಡಿ ಬಂದ್ ಇರ್ತದ್ರಿ."

"ಚರ್ಚಿಗಿ ಬಾ. ನೀ ಏನೂ ನಂಬಬ್ಯಾಡ, ಕೈ ಎರಡು ತೊಗೊಂಡು ಬಾ."

ಹೋದೆ. ಇಪ್ಪತ್ತೈದು ವರ್ಷದ ಮೇಲಾಯಿತು, ಇನ್ನೂ ಹೋಗುತ್ತಿದ್ದೇನೆ. ನಮ್ಮ ಅವ್ವ ಚನ್ನಬಸವ್ವನಿಗೆ ವಿಷಯ ತಿಳಿದಾಗ ಆಕೆ ಕೇಳಿದ್ದು ಒಂದೇ ಮಾತು, ಅಲ್ಲಿ ಊಟಕ್ಕೆ ಏನು ಮಾಡುತ್ತಾರೆ ಎಂದು. ಆ ಚಿಂತೆಯನ್ನು ಅನುಸೂಯಾ ವೈನಿ ಪರಿಹರಿಸಿದರು. ಕ್ರಿಸ್ಮಸ್ ದಿನ ಎಲ್ಲರಿಗೂ ಬಿರಿಯಾನಿ, ನನಗೆ ಬೇರೆ ಡಬ್ಬಿಯಲ್ಲಿ ಹೋಳಿಗೆ, ಬದನೆಕಾಯಿ ಪಲ್ಯ. ಆ ಡಬ್ಬಿಯ ಮುಚ್ಚಳದ ಮೇಲೆ ಈಗಲೂ ನನ್ನ ಹೆಸರಿದೆ.

ನಮ್ಮದು ದೊಡ್ಡ ಸಭೆಯಲ್ಲ. ಚರ್ಚಿನಲ್ಲಿ ಬೆಳಿಗ್ಗೆ ಮರಾಠಿ ಆರಾಧನೆ, ಅವರು ಎದ್ದು ಹೋದ ಮೇಲೆ ಕನ್ನಡದ್ದು. ಬೀದರ, ಕಲಬುರಗಿ, ಗದಗದ ಕಡೆಯ ಕೆಲವು ಮನೆಗಳು, ಅಷ್ಟೇ. ಆದರೆ ಹಾಡು ಮಾತ್ರ ಮರಾಠಿಯವರು ಹೊರಗೆ ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ನಿಂತು ಕೇಳುವ ಹಾಗೆ ಇರುತ್ತದೆ. ಅದು ಮಾಸ್ತರರ ಕೈಗುಣ.

ಅವರನ್ನು ಮಾಸ್ತರ ಎಂದು ಯಾರು ಮೊದಲು ಕರೆದರೋ ತಿಳಿಯದು. ಯಾವ ಶಾಲೆಯಲ್ಲೂ ಅವರು ಕಲಿಸಿದವರಲ್ಲ. ದೌಂಡದಲ್ಲಿ ರೈಲ್ವೆ ನೌಕರಿ, ನಿಂತ ರೈಲುಡಬ್ಬಿಗಳ ಕೆಳಗೆ ಬಗ್ಗಿ ಗಾಲಿ, ಬ್ರೇಕು ತಪಾಸಣೆ ಮಾಡುವ ಕೆಲಸ. ನಿವೃತ್ತಿಯ ತನಕ ದಿನಾ ಪುಣೆಯಿಂದ ದೌಂಡಕ್ಕೆ ಹೋಗಿ ಬಂದರು. ಆ ಗಾಡಿಯಲ್ಲಿ ನೌಕರಿಗೆ ಹೋಗುವ ಮರಾಠಿ ಮಂದಿಯ ಭಜನೆ ಇರುತ್ತಿತ್ತು. ಅವರ ಪೇಟಿಯವನು ಒಂದು ದಿನ ಬಾರದಿದ್ದಾಗ ಇವರು ಕೂತರು, ಆಮೇಲೆ ಏಳಲೇ ಇಲ್ಲ. ವಾರವೆಲ್ಲ ವಿಠ್ಠಲ, ಭಾನುವಾರ ಯೇಸು. "ಗಾಡ್ಯಾಗ ನಾ ನೌಕರಿಗಿ ಹೋಗಲತ್ತೀನಿ, ಧರ್ಮಾ ಬದಲಿ ಮಾಡ್ಲಿಕ್ಕಲ್ಲ" ಎಂದು ನಗುತ್ತಿದ್ದರು.

ಒಳ್ಳೆಯ ಮನುಷ್ಯ. ಆದರೆ ನನಗೆ ಅವರ ಮೇಲೆ ಸಿಟ್ಟು ಬರುತ್ತಿದ್ದುದೂ ಅಷ್ಟೇ ನಿಜ. ಯಾಕೆಂದರೆ ಆ ಮನೆಯಲ್ಲಿ ಏನು ನಡೆದರೂ ಅವರು ಪೇಟಿಯ ಹಿಂದೆ. ಮಗಳು ಚಿನ್ನು ಹುಟ್ಟಿದಳು. ಚರ್ಚಿನ ಪುಸ್ತಕದಲ್ಲಿ ಅವಳ ಹೆಸರು ಸ್ತುತಿ, ಉಳಿದವರಿಗೆಲ್ಲ ಚಿನ್ನು. ಅವಳ ದೀಕ್ಷಾಸ್ನಾನದ ದಿನ ಕೂಸನ್ನು ಎತ್ತಿಕೊಂಡು ನಿಂತವಳು ತಾಯಿ, ತಂದೆ ಪೇಟಿಯಲ್ಲಿ. ಹುಟ್ಟುಹಬ್ಬಕ್ಕೆ ಕೇಕು ಕೊಯ್ಯುವಾಗ ಪೇಟಿಯಲ್ಲಿ. ಮಾಸ್ತರರ ತಂದೆ ತೀರಿಕೊಂಡಾಗ ಮಣ್ಣು ಕೊಡುವ ಹೊತ್ತಿನಲ್ಲೂ ಸ್ಮಶಾನದ ಬೇವಿನ ಗಿಡದ ಕೆಳಗೆ ಪೇಟಿ ಇಟ್ಟುಕೊಂಡು ನುಡಿಸಿದರು. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಬಂದ ನೆಂಟರು ಇವನ ಎದೆ ಕಲ್ಲು ಎಂದು ಮಾತಾಡಿಕೊಂಡರು.

ಕಲ್ಲಲ್ಲ ಎಂದು ನನಗೆ ತಿಳಿದದ್ದು ವೈನಿಯ ಪಿತ್ತಕೋಶದ ಆಪರೇಶನ್ ದಿನ. ವೈನಿ ಸ್ವತಃ ನರ್ಸು, ಇಡೀ ಆಯುಷ್ಯ ಬೇರೆಯವರ ಹಾಸಿಗೆಯ ಪಕ್ಕ ನಿಂತವರು. ಅವತ್ತು ತಾವೇ ಮಲಗಿದ್ದರು. ನಾನು ಹೋದಾಗ ಮಾಸ್ತರರು ಹಾಸಿಗೆಯ ಹತ್ತಿರ ಇರಲಿಲ್ಲ, ಹೊರಗಿನ ಬೆಂಚಿನ ಮೇಲೆ ಕೂತು ಬೆಂಚಿನ ಹಲಗೆಯನ್ನೇ ನುಡಿಸುತ್ತಿದ್ದರು. ಸದ್ದಿಲ್ಲ, ಬೆರಳು ಮಾತ್ರ ಓಡುತ್ತಿತ್ತು. ಮುಖ ಸುಣ್ಣದಂತಾಗಿತ್ತು. ಆಮೇಲೆ ವೈನಿ ನನ್ನೆದುರು ಹೇಳಿದರು: "ಕೈ ಹಿಡೀತಾರ ಅಂತ ದಾರಿ ನೋಡ್ದೆ, ಮಾಂತು. ಒಳಗ ಬಂದು ಮಂಚದ ಸರಳು ಹಿಡದ್ರು." ನಗುತ್ತ ಹೇಳಿದರು, ಆದರೆ ಆ ನಗು ನನಗೆ ಸೇರಲಿಲ್ಲ.

ಆ ಮನೆಯಲ್ಲಿ ಮಾಸ್ತರರ ಪೇಟಿಗೆ ಬಗ್ಗದವರು ಒಬ್ಬರೇ, ಅವರ ಅತ್ತೆ, ವೈನಿಯ ತಾಯಿ ಕೃಷ್ಣಾಬಾಯಿ. ವೈನಿ ಮಿಶನ್ ಹಾಸ್ಟೆಲಿನಲ್ಲಿ ಓದಿ ಕ್ರೈಸ್ತರಾದವರು. ತಾಯಿ ಮಾತ್ರ ತನ್ನ ದೇವರ ಜಗಲಿ ಬಿಟ್ಟು ಕದಲಲಿಲ್ಲ, ಮಗಳನ್ನೂ ಬಿಡಲಿಲ್ಲ. ಚಿನ್ನು ತೊಟ್ಟಿಲಲ್ಲಿದ್ದಾಗ ಆಕೆ ಜೋಗುಳ ಹಾಡಿದಳು. ಅಳಿಯ ಉತ್ಸಾಹದಿಂದ ಪೇಟಿ ತಂದು ಕೂತರು. ಎರಡನೆಯ ಕರಿ ಪಟ್ಟಿ, ಅಂದರೆ ಕರಿ ಎರಡು ಒತ್ತಿದರೆ ಮುದುಕಿಯ ದನಿ ಅದಕ್ಕಿಂತ ಒಂದು ಕೂದಲು ಮೇಲೆ, ಪಕ್ಕದ ಬಿಳಿ ಮೂರು ಒತ್ತಿದರೆ ಒಂದು ಕೂದಲು ಕೆಳಗೆ. ಎರಡರ ನಡುವಿನ ಸಂದಿಯಲ್ಲಿ ಆಕೆ ಆರಾಮಾಗಿ ಹಾಡುತ್ತಿದ್ದಳು. ಮಾಸ್ತರರು ಬೆವತು ಗಾಳಿ ಹಾಕುವುದನ್ನು ನಿಲ್ಲಿಸಿದರು.

"ಅತ್ತಿ, ನಿಮ್ಮ ದನಿ ಪೇಟ್ಯಾಗ ಇಲ್ಲ."

"ನನ್ನ ದನಿ ನನ್ನ ಗಂಟಲ್ದಾಗ ಅದ ಅಳಿಯಂದಿರ. ಪೇಟ್ಯಾಗ ಯಾಕ ಹುಡುಕ್ತೀರಿ?"

ಆಮೇಲೆ ಎಂದೂ ಅವರು ಅತ್ತೆಯ ಹಾಡಿಗೆ ಕೂಡಲಿಲ್ಲ. ಆಕೆ ಬಾಯಿ ತೆರೆದರೆ ಇವರು ಪೇಟಿಗೆ ಬಟ್ಟೆ ಹೊದಿಸುತ್ತಿದ್ದರು.

ಚಿನ್ನು ಬೆಳೆದಳು. ಖರಾಡಿಯ ಒಂದು ಕ್ಲಿನಿಕ್ಕಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಕುತ್ತಿಗೆ ಕೆಡಿಸಿಕೊಂಡವರಿಗೆ ವ್ಯಾಯಾಮ ಹೇಳಿಕೊಡುತ್ತಾಳೆ. ತಾಯಿಯ ಬಾಯಿ, ತಂದೆಯ ಹಟ. ಶಿರೂರಿನ ಮರಾಠಿ ಕ್ರೈಸ್ತರ ಮನೆಯ ಸಂದೇಶನೊಂದಿಗೆ ಮದುವೆ ಗೊತ್ತಾಯಿತು. ಹುಡುಗ ಒಳ್ಳೆಯವನು, ಕನ್ನಡ ಕಲಿಯುತ್ತೇನೆಂದು ಹೊರಟು ನನ್ನನ್ನು "ಮಾಂತು ಕಾಕಾರಿ" ಎಂದು ಕರೆದ. ಎಲ್ಲರಿಗೂ ಸಂತೋಷ. ಮಾಸ್ತರರಂತೂ ಮಗಳು ಒಳಗೆ ಬರುವಾಗ ನುಡಿಸಲೆಂದೇ ಹೊಸ ಹಾಡೊಂದನ್ನು ಕಟ್ಟತೊಡಗಿದರು. ದಿನಾ ಸಂಜೆ ನನ್ನನ್ನು ಕರೆಸಿ ಕೂರಿಸಿಕೊಳ್ಳುತ್ತಿದ್ದರು. ಹಾಡು ಚೆನ್ನಾಗಿತ್ತು, ಸುಳ್ಳು ಹೇಳಲಾರೆ.

ಒಂದು ಸಂಜೆ ಚಿನ್ನು ಕೆಲಸದಿಂದ ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು. ಹಾಡು ಮುಗಿದ ಮೇಲೆ ಹೇಳಿದಳು: "ಅಪ್ಪಾ, ಹಾಡು ಭಾಳ ಛಂದ ಅದ. ಇದನ್ನ ಯಾರು ನುಡಸ್ತಾರ?"

"ಯಾರಂದ್ರ? ನಾನೇ!"

"ಮತ್ತ ನನ್ನ ಕೈ ಹಿಡಕೊಂಡು ಯಾರು ಬರ್ತಾರ?"

ಚರ್ಚಿನ ಮದುವೆಯಲ್ಲಿ ತಂದೆ ಮಗಳ ಕೈ ಹಿಡಿದು ಬಾಗಿಲಿನಿಂದ ವೇದಿಯ ತನಕ ನಡೆಸಿಕೊಂಡು ಬಂದು, ಅಲ್ಲಿ ಕಾದು ನಿಂತ ವರನ ಕೈಗೆ ಕೊಡುತ್ತಾನೆ. ಈ ಪದ್ಧತಿ ಮಾಸ್ತರರಿಗೆ ನನಗಿಂತ ಚೆನ್ನಾಗಿ ಗೊತ್ತು. ಎಷ್ಟೋ ತಂದೆಯರನ್ನು ಅವರ ಪೇಟಿಯೇ ಒಳಗೆ ಕರೆತಂದಿದೆ. ಆದರೂ ಅವರು ಅದನ್ನು ಈಗ ತಾನೇ ಕೇಳಿದವರಂತೆ ಮಿಕಿಮಿಕಿ ನೋಡಿ, "ನಿಮ್ಮ ಮಾಮಾ ಬರ್ತಾನಲ್ಲ. ಅವನೇ ಕರಕೊಂಡು ಬರ್ಲಿ. ನಿನ್ನ ಲಗ್ನದಾಗ ಬ್ಯಾರೆ ಯಾರರೆ ಪೇಟಿ ಮುಟ್ಟಿದ್ರ ನನಗ ಮಾರಿ ತೋರ್ಸಾಕ ಜಾಗಾ ಇರಲ್ಲ" ಎಂದರು.

ಚಿನ್ನು ಚೀಲವನ್ನು ಕೆಳಗಿಟ್ಟಳು. "ನನ್ನ ಒಂದು ಫೋಟೋದಾಗರೆ ನೀ ಬಾಜೂಕ ಇದ್ದಿಯೇನಪಾ? ನನಗ ನಿನ್ನ ಹಾಡು ಬ್ಯಾಡ, ನೀ ಬೇಕು. ನೀ ಬರಲ್ಲಂದ್ರ ಮಾಮಾನ ಕೈಯೂ ಹಿಡಿಯಲ್ಲ. ಒಬ್ಬಾಕೀನೇ ನಡಕೊಂಡು ಬರ್ತೀನಿ. ನೋಡಿದ ಮಂದಿ ನಮ್ಮಪ್ಪ ಸತ್ತಾನಂತ ತಿಳಕೊಳ್ಳಲಿ."

ಹಾಗೆ ಹೇಳಿ ಒಳಗೆ ಹೋದಳು. ವೈನಿ ಅಡಿಗೆಮನೆಯಿಂದ ಹೊರಗೆ ಬರಲೇ ಇಲ್ಲ. ನಾನು ಹಾವು ಕಂಡವನಂತೆ ಎದ್ದು ಮನೆಗೆ ಬಂದೆ.

ಮರುದಿನದಿಂದ ಆ ಮನೆಯಲ್ಲಿ ಮದುವೆಯ ತಯಾರಿಯೂ ನಡೆಯುತ್ತಿತ್ತು, ತಂದೆ ಮಗಳ ನಡುವೆ ಮಾತೂ ಇರಲಿಲ್ಲ. ಸೀರೆ ತಂದರೆ ತಾಯಿಗೆ ತೋರಿಸುವುದು, ಊಟಕ್ಕೆ ಏನೆಂದು ಕೇಳಿದರೆ ತಾಯಿಯ ಮೂಲಕ ಉತ್ತರ. ಪರಿಹಾರ ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು. ಪೇಟಿಗೆ ಬೇರೆ ಯಾರನ್ನಾದರೂ ಕೂರಿಸಿದರೆ ಆಯಿತಲ್ಲ ಎಂದುಕೊಂಡೆ. ಶಿರೂರಿನಲ್ಲಿ ಸಂದೇಶನ ಕಾಕಾ ಒಬ್ಬರು ಮದುವೆಗಳಲ್ಲಿ ಕೀಬೋರ್ಡ್ ನುಡಿಸುತ್ತಾರೆ. ಅವರು ಪಾಪ, ಕೀಬೋರ್ಡ್ ಹೊತ್ತುಕೊಂಡು ಪುಣೆಗೆ ಬಂದರು. ಒಂದು ಬಟನ್ ಒತ್ತಿದರು. ಕೀಬೋರ್ಡಿನೊಳಗಿಂದ ತಾನೇ ತಬಲಾ ಬಾರಿಸತೊಡಗಿತು. ಎದುರಿಗೆ ತಬಲಾದವನು ಕೂತಿದ್ದೇನೆ ಎಂಬ ಪರಿವೆ ಆ ಯಂತ್ರಕ್ಕಾದರೂ ಎಲ್ಲಿಂದ ಬರಬೇಕು! ನನ್ನ ಮೈಯೆಲ್ಲ ಉರಿಯಿತು. ಆದರೂ ಸಂಧಾನಕ್ಕೆ ಬಂದವನು, "ಛಲೋ ಅದ" ಎಂದೆ.

ಮಾಸ್ತರರು ಅವರಿಗೆ ಚಹಾ ಕುಡಿಸಿ, ಮರಾಠಿಯಲ್ಲಿ ಮರ್ಯಾದೆಯಿಂದ ಮಾತಾಡಿ, ಕಳಿಸಿ ಬಂದು ನನಗೆ ಹೇಳಿದರು: "ಅದು ನುಡಸೋದಲ್ಲ, ಲೈಟಿನ ಸ್ವಿಚ್ ಹಾಕೋದು." ಮೊಬೈಲಿನಲ್ಲಿ ಹಾಡು ಹಾಕೋಣವೆಂದರೆ ಅದಕ್ಕೂ ಸಿಟ್ಟು. ಗದಗದ ಕಡೆಯ ಒಬ್ಬರನ್ನು ಕರೆಸೋಣವೆಂದರೆ ಅವರು ಲಯ ಓಡಿಸುತ್ತಾರಂತೆ. ಒಬ್ಬೊಬ್ಬರಿಗೂ ಒಂದೊಂದು ಕುಂದು ಸಿದ್ಧವಿತ್ತು.

ಆಗ ನನಗೆ ತಲೆ ಕೆಟ್ಟಿತು. ನಾನು ಮೊದಲೇ ಮುಂಗೋಪಿ. "ಮಾಸ್ತರ್ರ, ಇದು ಪೇಟಿ ಮಾತಲ್ರಿ. ನೀವು ಪೇಟಿ ಹಿಂದ ಅಡಗಿ ಕುಂಡ್ರಾವ್ರು. ಅಪ್ಪನ ಮಣ್ಣಿನಾಗ ಅಡಗಿದ್ರಿ, ವೈನಿ ಆಪರೇಶನ್ದಾಗ ಪೇಟಿ ಸಿಗಲಿಲ್ಲಂತ ಬೆಂಚಿನ ಹಿಂದ ಅಡಗಿದ್ರಿ. ಈಗ ಒಬ್ಬಾಕಿ ಮಗಳು, ಆಕಿನ್ನ ಒಬ್ಬಾಕಿನ್ನ ನಡಸ್ತೀರೇನು?"

ಬೈಗುಳ ತಿರುಗಿ ಬರುತ್ತದೆಂದು ಕಾದೆ. ಬರಲಿಲ್ಲ. ಅವರು ಪೇಟಿಯ ಮೇಲೆ ಕೈಯೂರಿ ಕೂತರು.

"ಖರೆ ಅದ ಮಾಂತು" ಎಂದರು. "ಕೈ ಖಾಲಿ ಇದ್ರ ನಾ ಅಳ್ತೀನಿ. ಪೇಟಿ ಇದ್ರ ತಡೀತೀನಿ. ನಮ್ಮಪ್ಪಗ ಮಣ್ಣು ಕೊಡ್ಬೇಕಾದ್ರ ಕೈ ಬಿಟ್ಟಿದ್ರ ಅಲ್ಲೇ ಉರುಳ್ತಿದ್ದೆ. ಚಿನ್ನೂನ ಕೈ ಹಿಡದು ನಾ ಬಾಗ್ಲಾ ಸುದ್ದಾ ದಾಟಲ್ಲ. ಬಿಕ್ಕಿ ಬಿಕ್ಕಿ ಅತ್ತು ಆಕಿ ಲಗ್ನಾ ಕೆಡಸ್ತೀನಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಇಷ್ಟು ವರ್ಷ ಪಕ್ಕದಲ್ಲಿ ಕೂತು ಅವರ ಬೆರಳು ನೋಡಿ ತಾಳ ಹಾಕಿದ್ದೇನೆ, ಆ ಬೆರಳು ಏನನ್ನು ತಡೆದು ಹಿಡಿದಿದೆ ಎಂದು ತಿಳಿದಿರಲಿಲ್ಲ. ತಬಲಾದ ಚರ್ಮದ ಬದ್ದಿ ಬಿಗಿಮಾಡುತ್ತ ಕೂತೆ.

ಅಡಿಗೆಮನೆಯ ಬಾಗಿಲಲ್ಲಿ ವೈನಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಗಂಡನ ಎದುರು ಕೂತು ಹೇಳಿದರು: "ಅಳ್ರಿ. ಯಾರು ಬ್ಯಾಡಂದಾರ? ಇಷ್ಟು ವರ್ಷ ನಾ ಒಬ್ಬಾಕೀನೇ ಅತ್ತೀನಿ ಈ ಮನ್ಯಾಗ, ನೀವೂ ಒಂದ್ಸಲ ಅಳ್ರಿ. ಚಿನ್ನು ಬರೋ ಹೊತ್ತಿನಾಗ ಪೇಟಿ ಬ್ಯಾಡ. ನಮ್ಮವ್ವ ಹಾಡ್ತಾಳ."

ಮಾಸ್ತರರು ಚೇಳು ಕುಟುಕಿದವರಂತೆ ನೆಟ್ಟಗಾದರು. "ಅತ್ತೀನಾ? ಆಕಿ ದನಿ ಪೇಟಿಗಿ ಕೂಡಲ್ಲಲ್ಲ!"

"ಅದಕ್ಕೇ" ಎಂದರು ವೈನಿ.

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ದಿನ ನಾನು ಮಾಸ್ತರರಿಗೆ ಒಪ್ಪುವ ಪೇಟಿಯವನನ್ನು ಹುಡುಕುತ್ತ ತಿರುಗಿದ್ದೆ. ಈಕೆ ಯಾವ ಪೇಟಿಯೂ ಹಿಡಿಯಲಾಗದ ಹಾಡುಗಾರ್ತಿಯನ್ನು ಮನೆಯಲ್ಲೇ ಇಟ್ಟುಕೊಂಡಿದ್ದರು. ಮಾಸ್ತರರು ಎದ್ದು ಪೇಟಿಗೆ ಬಟ್ಟೆ ಹೊದಿಸಿದರು.

ಚರ್ಚಿನ ಅಯ್ಯನವರು ಸ್ವಲ್ಪ ತಲೆ ಕೆರೆದುಕೊಂಡರು. ಹಾಡಿನಲ್ಲಿ ಬೇರೆ ದೇವರ ಹೆಸರು ಬರುತ್ತದೋ ಎಂದು ಕೇಳಿದರು. ಕೃಷ್ಣಾಬಾಯಿ ಆ ಹಾಡನ್ನು ಅಲ್ಲೇ ಅವರೆದುರು ಹಾಡಿ ತೋರಿಸಿದಳು. ಅದರಲ್ಲಿ ದೇವರಿರಲಿಲ್ಲ, ತಂದೆ ಮತ್ತು ಮಗಳು ಮಾತ್ರ ಇದ್ದರು. ಅಯ್ಯನವರಿಗೂ ಇಬ್ಬರು ಹೆಣ್ಣುಮಕ್ಕಳು. ಕನ್ನಡಕ ತೆಗೆದು ಒರೆಸಿಕೊಂಡು, ಆಗಲಿ ಎಂದರು.

ಜನವರಿಯ ಒಳ್ಳೆಯ ಬಿಸಿಲಿನ ದಿನ ಮದುವೆ. ಮುದುಕಿಗೆ ದನಿಗೂಡಿಸಲು ಖರಾಡಿಯಲ್ಲಿ ಕಟ್ಟಡದ ಕೆಲಸ ಮಾಡುವ ಅವಳ ಊರ ಕಡೆಯ ಶರಣಮ್ಮ ನಾಲ್ಕಾರು ಹೆಂಗಸರನ್ನು ಕರೆದುಕೊಂಡು ಬಂದಿದ್ದಳು. ಎಲ್ಲರೂ ತಲೆಗೆ ಎಣ್ಣೆ ಹಚ್ಚಿ ಬಾಚಿ, ಹೂ ಮುಡಿದು, ಮುಂದಿನ ಬೆಂಚಿನಲ್ಲಿ ಶಿರೂರಿನ ಬೀಗರ ಜೊತೆಗೇ ಕೂತರು. ನಾನು ನನ್ನ ಜಾಗದಲ್ಲಿ, ಮುಚ್ಚಿದ ಪೇಟಿಯ ಪಕ್ಕ. ಮಗಳನ್ನು ಒಪ್ಪಿಸಿದ ಮೇಲೆ ಮಾಸ್ತರರು ಬಂದು ಪೇಟಿಗೆ ಕೂಡುವುದು, ಮದುವೆಯ ಕೀರ್ತನೆಗಳನ್ನು ಅವರೇ ನುಡಿಸುವುದು ಎಂದು ಮಾತಾಗಿತ್ತು. ಆ ಮಾತಿನ ಮೇಲೆಯೇ ಅವರು ಕೋಟು ಹಾಕಿಕೊಂಡಿದ್ದರು.

ಬಾಗಿಲು ತೆರೆಯಿತು. ತಂದೆ, ಮಗಳು ಬಿಸಿಲಿಗೆ ಬೆನ್ನು ಮಾಡಿ ನಿಂತಿದ್ದರು. ಕೋಲೂರಿ ಎದ್ದು ನಿಂತ ಕೃಷ್ಣಾಬಾಯಿ ಯಾರ ಶ್ರುತಿಯನ್ನೂ ಕೇಳದೆ ಎತ್ತಿಕೊಂಡಳು:

ಹಿಡಿದ ಕೈ ಬಿಡತಾನ ಹಡೆದಪ್ಪ ಇಂದೀಗಿ
ಬಿಡುವಾಗ ಬೆರಳು ನಡುಗ್ಯಾವ, ನನ ಕೂಸ
ನಡಿ ಮುಂದ ತಿರುಗಿ ನೋಡಬ್ಯಾಡ

ಹೆಂಗಸರು ದನಿಗೂಡಿಸಿದರು. ಮೊದಲ ಸಲ ಆ ಚರ್ಚಿನ ಗೋಡೆಗಳು ಬರೀ ಗಂಟಲನ್ನು ಕೇಳಿದವು. ಮಾಸ್ತರರು ನಡೆಯತೊಡಗಿದರು. ಚಿನ್ನು ಅವರ ಬಲಗೈಯನ್ನು ಭದ್ರವಾಗಿ ಹಿಡಿದಿದ್ದಳು. ಜನರೆಲ್ಲ ಮದುಮಗಳನ್ನು ನೋಡುತ್ತಿದ್ದರು. ನಾನು ಅಭ್ಯಾಸಬಲದಿಂದ ಮಾಸ್ತರರ ಬೆರಳನ್ನು ನೋಡುತ್ತಿದ್ದೆ.

ಬೆರಳು ನುಡಿಸುತ್ತಿದ್ದವು. ಮಗಳ ಮುಂಗೈ ಮೇಲೆ. ಎಡಗೈ ಪ್ಯಾಂಟಿನ ಪಕ್ಕದಲ್ಲಿ ತೆರೆದು ಮುಚ್ಚಿ ತೆರೆದು ಮುಚ್ಚಿ ಗಾಳಿ ಹಾಕುತ್ತಿತ್ತು. ಬೇರೆಯವರಿಗೆ ಗಾಬರಿಯಾದ ಮುದುಕನೊಬ್ಬನ ಕೈ ನಡುಗುತ್ತಿದೆ ಎಂದು ಕಂಡಿರಬೇಕು. ನನಗೆ ಸ್ವರಗಳೇ ಕಾಣುತ್ತಿದ್ದವು. ಕರಿ ಎರಡು ಒತ್ತಿ ನೋಡಿದರು, ಕೂಡಲಿಲ್ಲ. ಬಿಳಿ ಮೂರು ಒತ್ತಿದರು, ಅದೂ ಕೂಡಲಿಲ್ಲ. ಮತ್ತೆ ಕರಿ ಎರಡು. ಅತ್ತೆಯ ದನಿ ಎಂದಿನಂತೆ ನಡುವಿನ ಸಂದಿಯಲ್ಲಿ ಆರಾಮಾಗಿ ಸಾಗಿತ್ತು. ಹಲ್ಲು ಕಚ್ಚಿ ಹುಡುಕುತ್ತ ಹುಡುಕುತ್ತ ಅರ್ಧ ದಾರಿ ಬಂದರು. ಎಲ್ಲಿ ಕೈ ಬಿಡಿಸಿಕೊಂಡು ಪೇಟಿಗೆ ಓಡಿ ಬರುತ್ತಾರೋ ಎಂದು ಹೆದರಿ ನಾನು ಪೇಟಿಯ ಮೇಲೆ ಮೊಣಕೈ ಊರಿ ಕೂತೆ.

ಹಾಡಿನ ಆ ಎರಡನೆಯ ಸಾಲು ಮತ್ತೆ ಬಂತು. ಬೆರಳು ನಿಂತವು. ಎಡಗೈಯೂ ನಿಂತಿತು. ಮಾಸ್ತರರು ಮಗಳ ಕೈಯನ್ನು ಹಿಡಿದರು, ಸುಮ್ಮನೆ, ಎಲ್ಲ ತಂದೆಯರೂ ಹಿಡಿಯುವ ಹಾಗೆ. ಹಿಡಿದದ್ದೇ ತಡ, ಅಳು ಒಡೆಯಿತು. ಹೇಳಿದಂತೆಯೇ ಬಿಕ್ಕಿ ಬಿಕ್ಕಿ ಅತ್ತರು. ಚಿನ್ನುವೂ ಅತ್ತಳು, ಅಳುತ್ತಲೇ ನಕ್ಕಳು. ಮದುವೆಯೇನೂ ಕೆಡಲಿಲ್ಲ. ಶಿರೂರಿನ ಕಾಕಾ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಅವರ ಬಗ್ಗೆ ನನಗಿದ್ದ ಸಿಟ್ಟು ಆ ಗಳಿಗೆಯಲ್ಲಿ ಹೋಯಿತು.

ವೇದಿಯ ಹತ್ತಿರ ಸಂದೇಶನ ಕೈಗೆ ಮಗಳ ಕೈ ಕೊಟ್ಟರು. ಹಾಡು ನಿಂತಿತು. ಇನ್ನು ಮದುವೆಯ ಕೀರ್ತನೆ. ನಾನು ಮೊಣಕೈ ತೆಗೆದೆ, ಪೇಟಿಯ ಬಟ್ಟೆ ಸರಿಸಿದೆ, ತಬಲಾದ ಮೇಲೆ ಕೈಯಿಟ್ಟು ಕಾದೆ. ಮಾಸ್ತರರು ಪೇಟಿಯ ಕಡೆ ಒಮ್ಮೆ ನೋಡಿದರು. ಮುಂದಿನ ಸಾಲಿನಲ್ಲಿ ಅನುಸೂಯಾ ವೈನಿ ಕೂತಿದ್ದರು. ಅವರ ಪಕ್ಕದ ಜಾಗ ಎಂದಿನಂತೆ ಖಾಲಿ ಇತ್ತು, ಅಲ್ಲಿ ಅವರ ಚೀಲ ಇತ್ತು.

ಮಾಸ್ತರರು ಆ ಕಡೆ ನಡೆದರು.

ಅಷ್ಟರಲ್ಲಿ ಸಭೆಯವರು ಪೇಟಿಗೆ ಕಾದು ಬೇಸತ್ತು ತಾವೇ ಕೀರ್ತನೆ ಶುರುಮಾಡಿದರು. ಒಬ್ಬೊಬ್ಬರದು ಒಂದೊಂದು ಶ್ರುತಿ. ಗಂಡಸರು ತಗ್ಗಿನಲ್ಲಿ ಹಿಡಿದರು, ಹೆಂಗಸರ ದನಿ ಗಂಟಲಲ್ಲೇ ಉಳಿಯಿತು. ಎಳೆದದ್ದೂ ಎಳೆದದ್ದೇ. ಮಾಸ್ತರರ ಹುಬ್ಬು ಗಂಟಿಕ್ಕಿದ್ದು ನನಗೆ ಕಂಡಿತು. ಆದರೆ ಅವರು ಹಿಂದೆ ತಿರುಗಲಿಲ್ಲ. ಅನುಸೂಯಾ ವೈನಿ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಗಂಡನಿಗೆ ಜಾಗ ಬಿಟ್ಟರು.

"ಬಂದ್ರೀ?" ಎಂದರು. "ಭಾಳ ತಡಾ ಮಾಡಿದ್ರಿ."